ಸೀಸೆಯ ಮೇಲಿನ ಹೆಸರು

ಔರಾದ ಕಡೆಯ ಹೆಂಗಸರು ಬಸ್ಸು ಹತ್ತುವ ದಿನ ಬೆಳಿಗ್ಗೆಯಿಂದ ನೀರು ಮುಟ್ಟುವುದಿಲ್ಲ. ದಾರಿಯಲ್ಲಿ ಒಂದಕ್ಕೆ ಬಂದರೆ ಎಲ್ಲಿಗೆ ಹೋಗಬೇಕು? ಗಂಡಸರಿಗೇನು, ಊರ ಗೋಡೆಯೆಲ್ಲ ಅವರದೇ. ಪುತಳಾಬಾಯಿ ಕುರಿ ಕಾಯುವಾಗಲೂ ಹೀಗೇ ಬಾಯಿ ಕಟ್ಟಿಕೊಂಡವಳು. ಒಂದಕ್ಕೆ ಹೋದಾಗ ಉರಿ ಶುರುವಾಗಿ ಎಂಟು ದಿನ ‘ಉಷ್ಣ ಆಗ್ಯಾದ’ ಎಂದು ಮಜ್ಜಿಗೆ ಕುಡಿದಳು. ಜ್ವರ ಬಂದ ಮೇಲಷ್ಟೇ ಸೊಸೆ ಸಿದ್ದೇಶ್ವರಿಯ ಜೊತೆ ಬೀದರಿನ ದವಾಖಾನೆಗೆ ಹೊರಟಳು. ಅಂದೂ ಗುಟುಕು ನೀರು ಕುಡಿಯಲಿಲ್ಲ.

ಲ್ಯಾಬಿನವರು ಮೂತ್ರ ಪರೀಕ್ಷೆಗೆಂದು ಅವಳ ಹೆಸರು ಬರೆದ ಸಣ್ಣ ಸೀಸೆ ಕೊಟ್ಟರು. ಒಳಗೆ ಹೋದ ಪುತಳಾಬಾಯಿ ಖಾಲಿ ಸೀಸೆ ಹಿಡಿದು ಹೊರಬಂದಳು.

“ಬರವಲ್ದು. ನೀನೇ ತುಂಬ್ಕೊಂಡ್ ಬಾ. ಒಂದೇ ಮನಿಯವರು, ಏನ್ ಫರಕ ಆಗ್ತದ?”

ಸಿದ್ದೇಶ್ವರಿ ಪಿಯುಸಿ ಸೈನ್ಸ್ ಓದಿದವಳು, ಬ್ಯಾಕ್ಟೀರಿಯಾದ ಚಿತ್ರ ಬಿಡಿಸಿ ಅಂಕ ಗಿಟ್ಟಿಸಿದವಳು. ಫರಕು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ನೀರು ಕುಡಿಸಿ ಒಂದು ತಾಸು ಕಾಯುತ್ತೇವೆ ಎಂದು ಕೌಂಟರಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸಾಲಿನಲ್ಲಿ ಹತ್ತು ಗಂಡಸರು. ಅವರೆದುರು ಹೇಳಲು ನಾಲಿಗೆ ಏಳಲಿಲ್ಲ. ಓದಿದ್ದೆಲ್ಲ ಮಣ್ಣಾಯಿತು. ತುಂಬಿಸಿದ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿ ತಂದು ಕೊಟ್ಟಳು.

ರಿಪೋರ್ಟು ಸ್ವಚ್ಛವಾಗಿ ಬಂತು. ಡಾಕ್ಟರು ಜ್ವರದ ಗುಳಿಗೆ ಕೊಟ್ಟು ಕಳಿಸಿದರು.

ಮೂರನೆಯ ದಿನ ಪುತಳಾಬಾಯಿ ಗಡಗಡ ನಡುಗತೊಡಗಿದಳು, ಮಾತು ತೊದಲಿತು. ಅವಳ ಗಂಡ ಮಡೆಪ್ಪ, ಮಗ ಕಾಶೀನಾಥ ಜೀಪು ಮಾಡಿಕೊಂಡು ಭಾಲ್ಕಿಯ ದವಾಖಾನೆಗೆ ತಂದರು. ಸಿದ್ದೇಶ್ವರಿ ದಾರಿಯುದ್ದಕ್ಕೂ ಸೀಸೆಯ ಮಾತು ಎತ್ತಲಿಲ್ಲ. ಡಾಕ್ಟರಬಾಯಿ ಬೆನ್ನಿನ ಕೆಳಗೆ ಮುಟ್ಟುತ್ತಲೇ ಅತ್ತೆ ಚೀರಿದಳು.

“ಕಿಡ್ನಿಗಿ ಸೋಂಕು ಏರಿದಂಗ ಕಾಣ್ತದ. ಆದ್ರ ಬೀದರ ರಿಪೋರ್ಟಿನ್ಯಾಗ ಏನೂ ಇಲ್ಲ. ಇದು ಖರೇ ಇದ್ರ ಬ್ಯಾರೆ ಕಡಿ ಹುಡುಕಬೇಕು, ಹೊತ್ತು ಹೋಗ್ತದ. ಇದು ಇವರದೇ ಏನ್ರಿ?”

ಅತ್ತೆಯ ಜೀವ ಹೋಗುತ್ತಿದೆ, ಸಿದ್ದೇಶ್ವರಿಯ ಕಣ್ಣಿಗೆ ಬಿದ್ದದ್ದು ಪಕ್ಕದಲ್ಲಿ ನಿಂತ ಮಾವನ ರುಮಾಲು. ಡಾಕ್ಟರಬಾಯಿ ಇನ್ನೊಮ್ಮೆ ಕೇಳಬೇಕಾಯಿತು.

“ಅದು ಅತ್ತಿದಲ್ರಿ. ನಂದ್ರಿ.”

ಮಡೆಪ್ಪ ಹೊರಗೆ ನಡೆದ. ಕಾಶೀನಾಥ ಬೈಯಲಿಲ್ಲ, ಗೋಡೆಯ ಕಡೆ ತಿರುಗಿ ನಿಂತ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಡಾಕ್ಟರಬಾಯಿ ಹೊಸದಾಗಿ ಪರೀಕ್ಷೆಗೆ ಕಳಿಸಿ, ಕೂಡಲೇ ಸಲಾಯಿನ್ ಹಚ್ಚಿ ಔಷಧಿ ಹಾಕಿಸಿದರು.

ಎರಡು ದಿನಕ್ಕೆ ಜ್ವರ ಇಳಿದು ಪುತಳಾಬಾಯಿಗೆ ಮಾತು ಬಂತು. ಸೊಸೆಯ ಮುಖ ನೋಡಲಿಲ್ಲ.

“ಮಾವನ ಮುಂದ ಹೇಳಿದಿ,” ಎಂದಳು.

“ಹೇಳ್ಲಿಲ್ಲಂದ್ರ ನೀವು ಸಾಯ್ತಿದ್ರಿ, ಅತ್ತಿ.”

“ಸಾಯ್ಲಿ ಅಂತ ಬಿಡಬೇಕಿತ್ತು.”

ಸಿದ್ದೇಶ್ವರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಮೂರು ದಿನ ಬಾಯಿ ಬಿಡದೆ ತಾನು ಮಾಡಿದ್ದೂ ಅದನ್ನೇ.