ವಾಲಮ್ಮನ ತವರು

ರಮ್ಯಶ್ರೀ ಮಗಳ ಒಂದು ಜಡೆ ಹೆಣೆದು ಮುಗಿಸಿ ಇನ್ನೊಂದಕ್ಕೆ ಕೈಹಾಕಿದ್ದಳು. ಒಳಗಿನಿಂದ ಗಂಡ ಸುನೀಲ್ 'ಬಾ' ಅಂದ. ಹೆಸರು ಹಿಡಿದು ಕರೆಯಲಿಲ್ಲ, ಬರೀ 'ಬಾ'. ಅಮ್ಮನಿಗೆ ಹಾಲಿಲ್ಲದ ಟೀ ಕೊಡಲು ಹೋದವನು ಲೋಟ ಹಿಡಿದೇ ನಿಂತಿದ್ದ. ವಾಲಮ್ಮ ಎಂದಿನಂತೆ ಕೆನ್ನೆಯ ಕೆಳಗೆ ಅಂಗೈ ಇಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದರು. ರಮ್ಯಶ್ರೀ ಮುಟ್ಟಿ ನೋಡಿದಳು. ತಣ್ಣಗಿದ್ದರು.

ಬಿಸಿಲು ಏರುವಷ್ಟರಲ್ಲಿ ಮನೆ ಮುಂದೆ ಶಾಮಿಯಾನ ಎದ್ದಿತು. ಕೆ.ಆರ್. ಪುರದ ಆಚೆಯ ಈ ಬೀದಿಗೆ ಬೋರ್ಡಿನಲ್ಲಿ ಬೇರೆ ಹೆಸರಿದ್ದರೂ ಜನರ ಬಾಯಲ್ಲಿ ಅದು ರಷ್ಯಾ ಸಾಲು. ಕಾರ್ಖಾನೆಯವರು ತರಬೇತಿಗೆಂದು ರಷ್ಯಾಕ್ಕೆ ಕಳಿಸಿದ ಮೂವರು ಗೆಳೆಯರು ಬರುವಾಗ ಹೆಂಡತಿಯರನ್ನು ಕರೆತಂದಿದ್ದರು. ಊರೊಳಗೆ ಬಾಡಿಗೆಗೆ ಕೊಡಲೂ ಜನ ಹಿಂದೆಮುಂದೆ ನೋಡಿದಾಗ, ಅವರಲ್ಲೊಬ್ಬರಾದ ಚಿಕ್ಕಮುನಿಯಪ್ಪ ತಮ್ಮ ರಾಗಿ ಹೊಲದ ಅಂಚಿನಲ್ಲಿ ಮೂರು ಮನೆಗಳಿಗೆ ಜಾಗ ಬಿಡಿಸಿದರು. ಅವರ ಹೆಂಡತಿ ವಾಲೆಂಟೀನಾ ಬರುಬರುತ್ತಾ ವಾಲಮ್ಮ ಆದರು. ಚಿಕ್ಕಮುನಿಯಪ್ಪ ಈಗಿಲ್ಲ. ಪಕ್ಕದ ಮನೆಯ ಲೂದಾ ಕೂಡ ಇಲ್ಲ. ಕೊನೆಯ ಮನೆಯ ತಮಾರಾ ಇಂದಿರಾನಗರದಲ್ಲಿ ಮಗಳ ಜೊತೆ ಇದ್ದರು.

ಹೊಲದಲ್ಲಿ ಉಳಿದ ಚೂರು ಜಾಗದಲ್ಲಿ, ಗಂಡನ ಪಕ್ಕ ಗುಂಡಿ ತೋಡಿಸುವುದಕ್ಕೆ ಯಾರೂ ತಕರಾರು ಮಾಡಲಿಲ್ಲ. ತಕರಾರು ಬಂದದ್ದು ಸೀರೆಗೆ. ಸತ್ತ ಹೆಣ್ಣಿಗೆ ಕೊನೆಯ ಸೀರೆ ತವರಿನಿಂದ ಬರಬೇಕು. ಅದನ್ನು ಹೊದಿಸದೆ ಹೆಣ ಎತ್ತುವ ಹಾಗಿಲ್ಲ.

"ಇವರಿಗೆ ತವರು ಎಲ್ಲಿಂದ ತರೋದು?" ಯಾರೋ ಕೇಳಿದರು. ಸುನೀಲ್ ತಾನೇ ಶಿವಾಜಿನಗರಕ್ಕೆ ಹೋಗಿ ಒಂದು ತಂದುಬಿಡುತ್ತೇನೆಂದ. ಚಿಕ್ಕಮುನಿಯಪ್ಪನ ತಂಗಿ ಮಂಜುಳಮ್ಮ ಒಪ್ಪಲಿಲ್ಲ. ಹೆತ್ತ ಮಗ ತಂದದ್ದು ಮನೆಯ ಸೀರೆಯಾಗುತ್ತದೆಯೇ ಹೊರತು ತವರಿನದ್ದಲ್ಲ ಅಂದರು.

"ತಮಾರಾ ಆಂಟಿ ತರ್ತಾರೆ," ಅಂದಳು ರಮ್ಯಶ್ರೀ.

ಅಂದಳು, ಆದರೆ ಅವಳಿಗೇ ಧೈರ್ಯವಿರಲಿಲ್ಲ. ಬೆಳಿಗ್ಗೆ ಫೋನ್ ಮಾಡಿದಾಗ ತಮಾರಾ ಮಗಳು, ಅಮ್ಮನಿಗೆ ಹಾರ್ಟ್ ವೀಕು, ಈಗಲೇ ಹೇಳುವುದಿಲ್ಲ, ನಿಧಾನಕ್ಕೆ ಹೇಳುತ್ತೇನೆ ಅಂದಿದ್ದಳು. ನಿಧಾನಕ್ಕೆ ಹೇಳಿ ಏನು ಬಂತು? ರಮ್ಯಶ್ರೀ ಮತ್ತೆ ಮತ್ತೆ ಬೇಡಿಕೊಂಡಿದ್ದಳು. ಆಮೇಲೆ ಆ ಫೋನ್ ಯಾರೂ ಎತ್ತಲಿಲ್ಲ; ಮೆಸೇಜು ಮಾತ್ರ ಹಾಕಿದ್ದಳು.

"ರಾಹುಕಾಲಕ್ಕೆ ಮುಂಚೆ ಎತ್ತಬೇಕಮ್ಮ," ಅಂದರು ಮಂಜುಳಮ್ಮ. "ಅಷ್ಟರಲ್ಲಿ ಬಂದ್ರೆ ಸರಿ."

ಮೋನಿಷಾ ಅಮ್ಮನ ಸೆರಗು ಎಳೆದು ಏನೋ ಕೇಳಬೇಕು ಅಂದಳು. ರಮ್ಯಶ್ರೀ, ಆಮೇಲೆ ಪುಟ್ಟಾ, ಎಂದು ಅವಳ ಕೆನ್ನೆ ಸವರಿ ಕಳಿಸಿದಳು.

*

ವಾಲಮ್ಮ ಈ ಮನೆಗೆ ಬಂದ ವರ್ಷದ ಗೌರಿಹಬ್ಬ. ಅಕ್ಕಪಕ್ಕದ ಸೊಸೆಯರಿಗೆಲ್ಲ ತವರಿನಿಂದ ಬಾಗಿನದ ಮೊರ ಬಂದಿತ್ತು. ವಾಲಮ್ಮ ಜಗಲಿಯಲ್ಲಿ ಕೂತು ಬಂದುಹೋಗುವವರನ್ನು ನೋಡುತ್ತಿದ್ದರಂತೆ. ಸಂಜೆಯ ಹೊತ್ತಿಗೆ ತಮಾರಾ, ಲೂದಾ ಇಬ್ಬರೂ ಸೀರೆ ಸುತ್ತಿಕೊಂಡು ಎಡವುತ್ತಾ ಮೊರ ಹಿಡಿದು ಬಂದರು. ಅರಿಶಿನ, ಕುಂಕುಮ, ಬಳೆ ಎಲ್ಲಾ ಸರಿಯಾಗಿತ್ತು. ಬೇಳೆ ಬೆಲ್ಲ ಇರಬೇಕಾದಲ್ಲಿ ಮಾತ್ರ ಬೀಟ್‌ರೂಟು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ಜಾಡಿ. ನೆರೆದ ಹೆಂಗಸರು ನಕ್ಕೂ ನಕ್ಕೂ ಸುಸ್ತಾದರು. ವಾಲಮ್ಮನ ಅತ್ತೆ ಮಾತ್ರ ನಗದೆ, "ತವರಿಂದು ಕಣಮ್ಮ, ಸೆರಗೊಡ್ಡಿ ತಗೋ," ಅಂದರು.

ಅವತ್ತಿನಿಂದ ಆ ಮೂವರು ಒಬ್ಬರಿಗೊಬ್ಬರು ತವರಾದರು. ಗೌರಿಹಬ್ಬದ ಬಾಗಿನ, ಬಸಿರಿಯ ಮಡಿಲಕ್ಕಿ, ಬಾಣಂತನ ಎಲ್ಲವೂ ಈ ಮನೆಯಿಂದ ಆ ಮನೆಗೆ ಹೋದವು. ಲೂದಾ ಸತ್ತಾಗ ಸೀರೆ ಒಯ್ದದ್ದು ವಾಲಮ್ಮ. ಆ ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳಿಗೆ ಇದನ್ನೆಲ್ಲ ಕತೆಯಂತೆ ಹೇಳಿದ್ದರು. ಮೋನಿಷಾ ಅನ್ನದ ತುತ್ತು ಬಾಯಲ್ಲೇ ಇಟ್ಟುಕೊಂಡು ಕೇಳಿದ್ದಳು.

*

ಮೈ ತೊಳೆಸಿದ್ದಾಯಿತು. ಚಟ್ಟ ಕಟ್ಟಿದ್ದಾಯಿತು. ತಮಟೆಯವರು ತಮಟೆ ಕಾಯಿಸಿಕೊಂಡು ಕೂತರು. ಮಂಜುಳಮ್ಮ ಎರಡು ಸಲ ಬೀದಿಯ ತುದಿಗೆ ಹೋಗಿ ನೋಡಿ ಬಂದರು. ಮೂರನೆಯ ಸಲ ಹೋಗಲಿಲ್ಲ. ರಮ್ಯಶ್ರೀಯ ಹತ್ತಿರ ಬಂದು, ನಿನ್ನ ತಾಯಿ ಮನೆಯವರ ಕೈಲಿ ಒಂದು ಸೀರೆ ಹಾಕಿಸಿಬಿಡೋಣ, ಏನೂ ಇಲ್ಲದೆ ಕಳಿಸುವುದಕ್ಕಿಂತ ಅದು ವಾಸಿ ಅಂದರು. ಅದು ಕರುಣೆಯ ಮಾತೇ ಎಂದು ರಮ್ಯಶ್ರೀಗೆ ಗೊತ್ತಿತ್ತು. ಸರಿ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಶಾಮಿಯಾನದ ಪಕ್ಕ ಆಟೋ ನಿಂತಿತು.

ತಮಾರಾ ಒಬ್ಬರೇ ಬಂದಿದ್ದರು. ಮನೆಯ ನೈಟಿಯ ಮೇಲೆ ಶಾಲು, ಕಾಲಿಗೆ ಬಾತ್ರೂಮಿನ ಚಪ್ಪಲಿ, ಕೈಯಲ್ಲಿ ಬಟ್ಟೆಯ ಚೀಲ. ಮಗಳು ಸ್ನಾನಕ್ಕೆ ಹೋದಾಗ ಅವಳ ಫೋನಿನಲ್ಲಿ ರಮ್ಯಶ್ರೀಯ ಮೆಸೇಜು ನೋಡಿ, ಹೇಳದೆ ಹೊರಟಿದ್ದರಂತೆ. ಟಿನ್ ಫ್ಯಾಕ್ಟರಿ ಹತ್ತಿರ ಗಾಡಿಗಳು ಅಲ್ಲಾಡಲಿಲ್ಲ ಎಂದು ಆಟೋದವನು ಎಲ್ಲರಿಗೂ ಸಮಜಾಯಿಷಿ ಹೇಳಿದ.

ತಮಾರಾ ಚೀಲದಿಂದ ಸೀರೆ ತೆಗೆದರು. ಹಸಿರಂಚಿನ ಕಡುಗೆಂಪು ಸೀರೆ.

"ಕೆಂಪು ಮುತ್ತೈದೆಗಲ್ವಾ," ಅಂದರು ಮಂಜುಳಮ್ಮ, ತಗ್ಗಿದ ದನಿಯಲ್ಲಿ. "ಅತ್ತಿಗೆ ಗಂಡ ಹೋದೋಳು. ಬಿಳೀದು ತರ್ಬೇಕಿತ್ತು."

"ತವರಿನವರು ಮಗಳಿಗೆ ಬಿಳೀದು ತರ್ತಾರಾ, ಮಂಜುಳಾ?" ತಮಾರಾ ಕೇಳಿದರು.

ಮಂಜುಳಮ್ಮ ಕೂಡ ಗಂಡನನ್ನು ಕಳೆದುಕೊಂಡವರೇ. ತಮ್ಮ ತೆಳುಬಣ್ಣದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ, ಕೆಂಪು ಸೀರೆಯ ಒಂದು ತುದಿ ಹಿಡಿದರು. ಇನ್ನೊಂದು ತುದಿ ತಮಾರಾ ಹಿಡಿದರು. ಇಬ್ಬರೂ ಸೇರಿ ಕತ್ತಿನವರೆಗೂ ಹೊದಿಸಿ, ಮಗುವಿಗೆ ಹೊದಿಸಿದ ಹಾಗೆ ಎರಡೂ ಪಕ್ಕ ಒತ್ತಿದರು. ರಮ್ಯಶ್ರೀ ಬೆಳಿಗ್ಗೆಯಿಂದ ತಡೆದಿದ್ದ ಅಳು ಆಗ ಹೊರಬಂತು.

ತಮಟೆ ಇನ್ನೂ ಶುರುವಾಗಿರಲಿಲ್ಲ. ತಮಾರಾ ಚಟ್ಟದ ಪಕ್ಕ ನೆಲದಲ್ಲೇ ಕೂತು, ಖಾಲಿಯಾದ ಚೀಲವನ್ನು ಮಡಿಚಿ ಮಡಿಚಿ ಚಿಕ್ಕದು ಮಾಡುತ್ತಿದ್ದರು. ಮೋನಿಷಾ ಹೋಗಿ ಅವರ ಮೊಣಕಾಲಿಗೆ ಒರಗಿದಳು. ರಮ್ಯಶ್ರೀ ಅವಳನ್ನು ತಡೆಯಲು ಕೈ ಚಾಚಿದಳು, ಆದರೆ ಎಟುಕಲಿಲ್ಲ.

"ತಮಾರಾ ಅಜ್ಜಿ," ಅಂದಳು ಮಗು, "ನಿಮಗೆ ಯಾರು ತರ್ತಾರೆ?"