ಕಂಡವನು ಒಬ್ಬ

ವಿಡಿಯೋ ಗೇಮೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನನ್ನ ಹೆಂಡತಿ ಜೆಸ್ಸಿಯ ತಂಗಿ ದುಬೈಯಿಂದ ಆ ಕಪ್ಪು ಪೆಟ್ಟಿಗೆ ತಂದು ಮಗ ಬ್ರಯಾನನ ಕೈಗೆ ಕೊಟ್ಟ ದಿನದಿಂದ ನಮ್ಮ ಮನೆಯ ಟಿ.ವಿ. ನಮ್ಮದಾಗಿ ಉಳಿದಿಲ್ಲ. ಇಪ್ಪತ್ತು ವರ್ಷದವನು, ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವವನು, ಭಾನುವಾರ ಇಗರ್ಜಿಯಿಂದ ಬಂದವನೇ ಒಳ್ಳೆಯ ಅಂಗಿಯನ್ನೂ ಬಿಚ್ಚದೆ ಅದರ ಮುಂದೆ ಕೂರುತ್ತಾನೆ. ನಾನು ಹಿಂದೆ ಕುರ್ಚಿಯಲ್ಲಿ ಪೇಪರು ಹಿಡಿದುಕೊಂಡು ಗೊಣಗುತ್ತಿರುತ್ತೇನೆ. ಇಬ್ಬರಿಗೂ ಅಭ್ಯಾಸವಾಗಿದೆ.

ಈ ಏಪ್ರಿಲಿನಲ್ಲಿ ಅವನು ತಂದದ್ದು ಕದ್ದು ನುಸುಳುವ ಆಟ. ಸಮುದ್ರದ ಪಕ್ಕ ಒಂದು ಕೋಟೆ, ಅದರ ತುಂಬ ಕಾವಲುಗಾರರು. ಆಡುವವನು ನೆರಳಿನಿಂದ ನೆರಳಿಗೆ ಸರಿದು ಒಳಗೆ ಹೋಗಿ ಒಂದು ಕಾಗದ ಕದ್ದು ಹೊರಗೆ ಬರಬೇಕು. ಹೇಗೆ ಎನ್ನುವುದು ಅವನಿಗೆ ಬಿಟ್ಟದ್ದು. ಕಾವಲಿನವನ ಕತ್ತು ಕೊಯ್ಯಬಹುದು, ಹಿಂದಿನಿಂದ ಹಿಡಿದು ಪ್ರಜ್ಞೆ ತಪ್ಪಿಸಬಹುದು, ಇಲ್ಲವೇ ಅವನು ಆ ಕಡೆ ತಿರುಗುವ ತನಕ ಕಾದು ಸುಮ್ಮನೆ ದಾಟಿಹೋಗಬಹುದು. ಬ್ರಯಾನನಿಗೆ ಕಾಯುವ ತಾಳ್ಮೆ ಇಲ್ಲ. ಅವನು ಕತ್ತು ಕೊಯ್ಯುವ ಪಾರ್ಟಿ.

ನಾನು ಇಪ್ಪತ್ತಮೂರು ವರ್ಷ ಕುವೈತಿನಲ್ಲಿ ಸೆಕ್ಯೂರಿಟಿ ಗಾರ್ಡ್ ಆಗಿದ್ದವನು. ಅಂಥವನ ಮಗ ಗಾರ್ಡುಗಳನ್ನು ಸಾಲಾಗಿ ಕೊಲ್ಲುತ್ತಾ ಹೋಗುವುದನ್ನು ಹಿಂದೆ ಕುಳಿತು ನೋಡುವುದೆಂದರೆ ಹೇಗಾದೀತು? ಒಮ್ಮೆ ಬಾಯಿಬಿಟ್ಟು ಹೇಳಿದೆ. ಅವರೆಲ್ಲ ಬರೇ ಕಂಪ್ಯೂಟರಿನವರು ಡ್ಯಾಡಿ ಎಂದು ಅವನು ನಕ್ಕ.

ಅವನ ಗೆಳೆಯ ಸುಕೇಶನ ರೀತಿ ಬೇರೆ. ಅವನೂ ಅದೇ ಕ್ಲಾಸಿನವನು. ರಜೆಯಲ್ಲಿ ಎಲ್ಲೂರಿನಿಂದ ಬಸ್ಸು ಹಿಡಿದು ಕಾಪುವಿಗೆ, ನಮ್ಮ ಮನೆಗೆ ಬರುತ್ತಾನೆ, ಜೆಸ್ಸಿ ಮಾಡಿದ ಮೀನಿನ ಸಾರಿನಲ್ಲಿ ಎರಡು ಸಲ ಬಡಿಸಿಕೊಂಡು ಊಟ ಮಾಡುತ್ತಾನೆ, ಆಮೇಲೆ ಬ್ರಯಾನನ ಕೈಯಿಂದ ಆಟ ತೆಗೆದುಕೊಳ್ಳುತ್ತಾನೆ. ಒಬ್ಬನನ್ನೂ ಮುಟ್ಟುವುದಿಲ್ಲ. ಒಂದು ಕಂಬದ ಹಿಂದೆ ಹತ್ತು ನಿಮಿಷ ನಿಂತಿರುತ್ತಾನೆ. ಬ್ರಯಾನ್ ತಲೆ ಚಚ್ಚಿಕೊಳ್ಳುತ್ತಾನೆ. ಯಾಕೆ ಹೀಗೆ ಎಂದು ನಾನು ಕೇಳಿದ್ದಕ್ಕೆ ಸುಕೇಶ ಹಿಂದೆ ತಿರುಗದೆಯೇ ಹೇಳಿದ:

"ಅವರು ಡ್ಯೂಟಿಯಲ್ಲಿ ಇರುವವರು ಅಲ್ವಾ ಅಂಕಲ್. ಕೊಂದು ಎಂತ ಮಾಡುವುದು?"

ಆ ಮಾತು ಅವನ ಬಾಯಿಂದ ಬಂದದ್ದಕ್ಕೆ ನನಗೆ ಪೇಪರಿನ ಅಕ್ಷರ ಕಾಣಿಸದಾಯಿತು. ಅವನ ಅಪ್ಪ ಮುದ್ದಣ್ಣ ಕುವೈತಿನಲ್ಲಿ ನನ್ನ ಜೊತೆಯ ಗಾರ್ಡ್. ಆರು ವರ್ಷ ಒಂದೇ ಕೋಣೆ, ಒಂದೇ ಅನ್ನದ ಪಾತ್ರೆ. ಹನ್ನೊಂದು ವರ್ಷಗಳ ಹಿಂದೆ ಕೇಬಲ್ ಗೋಡೌನಿಗೆ ನುಗ್ಗಿದ ಕಳ್ಳರು ಕಬ್ಬಿಣದ ಸಲಾಕೆಯಲ್ಲಿ ಅವನ ತಲೆಗೆ ಹೊಡೆದರು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು, ಒಂದು ಮಾತೂ ಆಡದೆ ತೀರಿಕೊಂಡ. ಶವಪೆಟ್ಟಿಗೆಯ ಜೊತೆ ವಿಮಾನದಲ್ಲಿ ಊರಿಗೆ ಬಂದವನು ನಾನೇ. ಕಂಪನಿಯವರು ಕೊಟ್ಟ ಕಾಗದವೂ ನನ್ನ ಕೈಯಲ್ಲೇ ಇತ್ತು. ಉತ್ತರಕ್ರಿಯೆಯ ಬೊಜ್ಜದ ದಿನ, ನೆಂಟರಿಷ್ಟರೆಲ್ಲ ಊಟಕ್ಕೆ ಸೇರಿದ್ದಾಗ, ಇಂಗ್ಲಿಷ್ ಬಲ್ಲ ಒಬ್ಬ ಹಿರಿಯರು ಅದನ್ನು ಓದಿ ಅರ್ಥ ಹೇಳಿದರು. ಮುದ್ದಣ್ಣ ಡ್ಯೂಟಿಯ ಹೊತ್ತಿನಲ್ಲಿ ಮಲಗಿ ನಿದ್ರಿಸಿದ್ದ, ಹಾಗಾಗಿ ಕಂಪನಿಯ ತಪ್ಪು ಏನೂ ಇಲ್ಲ ಎಂದು ಅದರಲ್ಲಿತ್ತು.

ಊರಿಗೆ ಅಷ್ಟು ಸಾಕಾಯಿತು. ನಿದ್ದೆ ಮಾಡಿ ಸತ್ತ ಕಾವಲುಗಾರನ ಮಗ ಎಂದು ಸುಕೇಶನನ್ನು ಶಾಲೆಯಲ್ಲಿ ಕರೆದರು. ಅವನ ತಾಯಿ ಗುಣವತಿಯೂ ಆ ಕಾಗದವನ್ನೇ ನಂಬಿದಳು. ಹದಿನೈದು ವರ್ಷದವನಿದ್ದಾಗ ಸುಕೇಶ ನನ್ನನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, ಅಪ್ಪ ನಿಜವಾಗಿಯೂ ಮಲಗಿದ್ದರೇ ಎಂದು ಕೇಳಿದ್ದ. ಹಳೆಯದನ್ನು ಕೆದಕಬಾರದು ಮಗಾ ಎಂದು ನಾನು ದೊಡ್ಡ ಮನುಷ್ಯನ ಹಾಗೆ ಬುದ್ಧಿ ಹೇಳಿ ಜಾರಿಕೊಂಡಿದ್ದೆ.

ಆಟದ ಕೊನೆಗೆ ಒಂದು ಲೆಕ್ಕ ಬರುತ್ತದೆ. ಸತ್ತವರು ಎಷ್ಟು, ಪ್ರಜ್ಞೆ ತಪ್ಪಿದವರು ಎಷ್ಟು, ಗಂಟೆ ಬಾರಿಸಿದ್ದು ಎಷ್ಟು ಸಲ, ನಿನ್ನನ್ನು ಕಂಡವರು ಎಷ್ಟು. ಏಪ್ರಿಲಿನ ಮೊದಲ ಭಾನುವಾರ ಸುಕೇಶ ಕೋಟೆಯಿಂದ ಕಾಗದ ತಂದ. ಎಲ್ಲವೂ ಸೊನ್ನೆ. ಕಂಡವರು ಮಾತ್ರ ಒಬ್ಬ.

ಅದು ಹೇಗೆ ಸಾಧ್ಯ ಎಂದು ಇಬ್ಬರೂ ವಾದಕ್ಕೆ ಬಿದ್ದರು. ಯಾರೂ ಕೂಗಲಿಲ್ಲ, ಯಾರೂ ಅಟ್ಟಿಸಿಕೊಂಡು ಬರಲಿಲ್ಲ. ಕಂಡವನು ಸುಮ್ಮನೆ ಯಾಕಿದ್ದಾನು? ಗೇಮಿನ ತಪ್ಪು ಬಿಡು ಮಾರಾಯ ಎಂದ ಬ್ರಯಾನ್. ಸುಕೇಶ ಬಿಡುವವನಲ್ಲ. ಅವನಾರೆಂದು ನೋಡಿಯೇ ಸಿದ್ಧ ಎಂದು ಮತ್ತೆ ಮೊದಲಿನಿಂದ ಶುರು ಮಾಡಿದ.

ಬ್ರಯಾನ್ ತೂಕಡಿಸಿದರೂ ಸುಕೇಶ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮುಂದಿನ ಭಾನುವಾರವೂ ಅದೇ. ನೆರಳಿನಲ್ಲಿ ನಿಂತು ಪ್ರತಿ ಕಾವಲಿನವನ ಮುಖ ನೋಡುತ್ತಿದ್ದ. ನನಗೆ ಆ ಕೋಣೆಯಿಂದ ಎದ್ದು ಹೋಗಬೇಕೆನಿಸುತ್ತಿತ್ತು, ಹೋಗಲಾಗುತ್ತಿರಲಿಲ್ಲ. ಅವನು ಆ ಒಬ್ಬನನ್ನು ಹುಡುಕಿಯೇ ಬಿಡುತ್ತಾನೆಂಬ ಹೆದರಿಕೆ ನನಗೆ. ನಗು ಬರುತ್ತದೆ ಈಗ. ಐವತ್ತಾರು ವರ್ಷದ ಮನುಷ್ಯ, ಮಕ್ಕಳ ಆಟಕ್ಕೆ ಹೆದರಿ ಬೆವರುತ್ತಿದ್ದೆ.

ನಡೆದದ್ದನ್ನು ಹೇಳಿಬಿಡುತ್ತೇನೆ. ಕುವೈತಿನಲ್ಲಿ ರಜೆ ಶುಕ್ರವಾರ. ಹಾಗಾಗಿ ನಮ್ಮ ಭಾನುವಾರದ ಪೂಜೆಯೂ ಅಲ್ಲಿ ಶುಕ್ರವಾರವೇ. ಆದರೆ ಗಾರ್ಡಿಗೆ ರಜೆ ಇಲ್ಲ. ನಮ್ಮ ಗೋಡೌನಿನಲ್ಲಿ ಹಗಲು ಇಬ್ಬರೇ, ಮುದ್ದಣ್ಣ ಮತ್ತು ನಾನು. ಒಬ್ಬೊಬ್ಬರಿಗೆ ಒಂದೊಂದು ಸ್ಟೀಲಿನ ಕೋಲು. ಗೋಡೆಯ ಐದು ಕಡೆ ಗುಂಡಿಗಳಿದ್ದವು. ಗಂಟೆಗೊಮ್ಮೆ ಸುತ್ತು ಹೊಡೆದು ಕೋಲನ್ನು ಗುಂಡಿಗೆ ತಾಗಿಸಿದರೆ ಆ ಕೋಲಿನವನು ಇಷ್ಟು ಹೊತ್ತಿಗೆ ಇಲ್ಲಿದ್ದ ಎಂದು ಆಫೀಸಿನಲ್ಲಿ ದಾಖಲಾಗುತ್ತದೆ.

"ನೀವು ಇಗರ್ಜಿಗೆ ಹೋಗಿ ಬನ್ನಿ ಪೊರ್ಬುಳೆ," ಎಂದು ಮುದ್ದಣ್ಣನೇ ಮೊದಲು ಹೇಳಿದ್ದು. ಪೊರ್ಬುಳೆ ಎಂದರೆ ತುಳುವಿನಲ್ಲಿ ನಮ್ಮ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಮಾತು. "ನಿಮ್ಮ ಕೋಲು ನನ್ನ ಹತ್ತಿರ ಕೊಡಿ. ದೇವರ ಕೆಲಸಕ್ಕೆ ಅಡ್ಡಿ ಯಾಕೆ?"

ಹೀಗೆ ಪ್ರತಿ ಶುಕ್ರವಾರ ಅವನು ಎರಡೆರಡು ಸುತ್ತು ಹೊಡೆಯುತ್ತಿದ್ದ. ಎರಡು ಕೋಲನ್ನು ಒಂದೇ ಹೊತ್ತಿಗೆ ತಾಗಿಸಿದರೆ ಸಿಕ್ಕಿಬೀಳುತ್ತೇವಲ್ಲ, ಅದಕ್ಕೆ ಮೊದಲು ನನ್ನ ಕೋಲು ಹಿಡಿದು ಒಂದು ಸುತ್ತು, ಆಮೇಲೆ ತನ್ನದು ಹಿಡಿದು ಇನ್ನೊಂದು. ಇಲ್ಲದವನದ್ದು ಮೊದಲು ಆಗಲಿ, ಇರುವವನಿಗೆ ಎಂತ ಅವಸರ ಎನ್ನುತ್ತಿದ್ದ. ನಲವತ್ತೆಂಟು ಡಿಗ್ರಿ ಬಿಸಿಲಿನಲ್ಲಿ, ಇನ್ನೊಬ್ಬನ ದೇವರಿಗಾಗಿ.

ಆ ಶುಕ್ರವಾರ ನಾನು ಪರಮ ಪ್ರಸಾದ ಸ್ವೀಕರಿಸಿ, ಇಸ್ತ್ರಿ ಹಾಕಿದ ಅಂಗಿಯಲ್ಲಿ, ಗೋಡೌನಿನ ಹಿಂದಿನ ಓಣಿಯಿಂದ ಬರುತ್ತಿದ್ದೆ. ನೋಡಿದರೆ ಇಬ್ಬರು ಗೋಡೆ ಹತ್ತುತ್ತಿದ್ದಾರೆ. ಒಬ್ಬ ಆಗಲೇ ಮೇಲಿದ್ದ. ನನ್ನ ಕಿಸೆಯಲ್ಲಿ ಫೋನಿತ್ತು. ಮುದ್ದಣ್ಣನಿಗೆ ಒಂದು ಕರೆ ಮಾಡಿದ್ದರೆ, ಜೋರಾಗಿ ಒಮ್ಮೆ ಕೂಗಿದ್ದರೆ ಸಾಕಿತ್ತು. ಆದರೆ ಕೂಗಿದರೆ, ನೀನು ಡ್ಯೂಟಿ ಬಿಟ್ಟು ಓಣಿಯಲ್ಲಿ ಎಂತ ಮಾಡುತ್ತಿದ್ದೆ ಎಂಬ ಪ್ರಶ್ನೆ ಬರುತ್ತದೆ. ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ. ತಾಮ್ರ ಕದಿಯುವವರು, ಕದ್ದುಕೊಂಡು ಹೋಗಲಿ, ಮುದ್ದಣ್ಣ ಜಗಳಕ್ಕೆ ಹೋಗುವವನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಖ ತಿರುಗಿಸಿ, ದಾರಿ ಬಳಸಿ ಮುಂದಿನ ಗೇಟಿಗೆ ಬಂದು ಸಮವಸ್ತ್ರ ಹಾಕಿಕೊಂಡೆ. ಎಂಟು ನಿಮಿಷ ಹಿಡಿದಿರಬಹುದು. ಅಷ್ಟರಲ್ಲಿ ಎಲ್ಲ ಮುಗಿದಿತ್ತು, ಮುದ್ದಣ್ಣ ತಲೆ ಒಡೆದು ಬಿದ್ದಿದ್ದ. ನನ್ನ ಕೋಲು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು, ಅವನ ಕೋಲು ಅವನ ಕೈಯಲ್ಲಿ.

ಮರುದಿನ ಮ್ಯಾನೇಜರು ದಾಖಲೆ ತೆಗೆದು ತೋರಿಸಿದ. ಫೌಸ್ಟಿನ್, ಅಂದರೆ ನಾನು, ಐದು ಗುಂಡಿಗೆ ಐದೂ ಸರಿ. ಮುದ್ದಣ್ಣ, ಆ ಗಂಟೆಯಲ್ಲಿ ಒಂದೂ ಇಲ್ಲ. ಅವನು ಮಲಗಿದ್ದನೇ ಎಂದು ಕೇಳಿದ. ಇರಬಹುದು ಎಂದೆ. ಅಷ್ಟೇ ಹೇಳಿದ್ದು ನಾನು. ಉಳಿದದ್ದನ್ನು ಅವನು ಬರೆದುಕೊಂಡ. ಕೆಳಗೆ ಸಹಿ ಹಾಕು ಎಂದ, ಹಾಕಿದೆ.

ಕುವೈತಿಗೆ ಮರಳಿ ಒಂದು ತಿಂಗಳ ಮೇಲೆ ಪಾಪನಿವೇದನೆಗೆ ಹೋಗಿ ಪಾದ್ರಿಗಳಿಗೆ ಎಲ್ಲವನ್ನೂ ಹೇಳಿದೆ. ಅವರು ಪ್ರಾರ್ಥನೆಗಳನ್ನು ಹೇಳಿಕೊಟ್ಟರು, ಮತ್ತು ಆ ಮನೆಯವರಿಗೆ ಸತ್ಯ ತಿಳಿಸಬೇಕೆಂದರು. ಪ್ರಾರ್ಥನೆಗಳನ್ನು ಅಲ್ಲೇ ಮೊಣಕಾಲೂರಿ ಮುಗಿಸಿದೆ. ಇನ್ನೊಂದನ್ನು ಊರಿಗೆ ಹೋದಾಗ ನೋಡುವ ಎಂದುಕೊಂಡೆ. ನೋಡುವ, ನೋಡುವ ಎಂದೇ ಹನ್ನೊಂದು ವರ್ಷ ಕಳೆಯಿತು. ದೇವರ ಹತ್ತಿರ ಕ್ಷಮೆ ಸಿಕ್ಕಿದೆಯಲ್ಲ, ಮನುಷ್ಯರದ್ದು ನಿಧಾನಕ್ಕೆ ಆದೀತು ಎಂಬ ಧೈರ್ಯ ನನ್ನಂಥವನಿಗೆ ಮಾತ್ರ ಬರುವುದು.

ಮೂರನೆಯ ಭಾನುವಾರ, ಊಟವಾಗಿ ಅರ್ಧ ಗಂಟೆಯಾಗಿರಬೇಕು, ಆ ಒಬ್ಬ ಸಿಕ್ಕಿದ ಎಂದ ಸುಕೇಶ. ಕೋಟೆಯ ತಾರಸಿಯಲ್ಲಿ, ಮೂಲೆಯಲ್ಲಿ, ಒಬ್ಬ ಕಾವಲಿನವನು. ಸುಕೇಶನ ಆಟಗಾರ ಕೆಳಗೆ ಅಂಗಳ ದಾಟುವಾಗ ಅವನು ತಲೆ ಬಗ್ಗಿಸಿ ನೇರ ನೋಡುತ್ತಾನೆ. ಒಂದು ಗಳಿಗೆ ನಿಲ್ಲುತ್ತಾನೆ. ಆಮೇಲೆ ಬೆನ್ನು ತಿರುಗಿಸಿ ಆ ಕಡೆ ನಡೆಯುತ್ತಾನೆ.

ಬ್ರಯಾನನಿಗೆ ಇನ್ನೂ ನಂಬಿಕೆ ಬರಲಿಲ್ಲ. ಸುಕೇಶ ಅವನಿಗೆ ವಿವರಿಸಿದ. ಈ ಆಟದಲ್ಲಿ ಆಡುವವನಿಗೆ ಮಾತ್ರವಲ್ಲ, ಕೆಲವು ಕಾವಲಿನವರಿಗೂ ಒಂದೊಂದು ಕಥೆ ಇಟ್ಟಿದ್ದಾರೆ, ಹತ್ತಿರ ಅಡಗಿ ನಿಂತರೆ ಅವರ ಮಾತಿನಿಂದ ತಿಳಿಯುತ್ತದೆ. ಇವನ ಡ್ಯೂಟಿ ಇರುವುದು ಕೆಳಗಿನ ಬಾಗಿಲಲ್ಲಿ. ಯಾರಿಗೂ ಹೇಳದೆ ಬೀಡಿ ಸೇದಲು ಮೇಲೆ ಬಂದಿದ್ದಾನೆ. ಗಂಟೆ ಬಾರಿಸಿದರೆ ಜಾಗ ಬಿಟ್ಟು ಬಂದದ್ದು ಗೊತ್ತಾಗುತ್ತದೆ.

"ಹಾಗಾದರೆ ಒಳಗೆ ಇರುವವನ ಗತಿ?" ಎಂದ ಬ್ರಯಾನ್. "ನಾನು ಆಡಿದರೆ ಅವನು ಸತ್ತ."

"ಹೌದು ಮಾರಾಯ. ಇವನಿಗೆ ಅದು ಗೊತ್ತುಂಟು. ಗೊತ್ತಿದ್ದೇ ಹೋಗುವುದು."

ಸುಕೇಶ ಆಟ ನಿಲ್ಲಿಸಿದ. ಪರದೆಯಲ್ಲಿ ಆ ಕಾವಲಿನವನ ಬೆನ್ನು ಹಾಗೇ ನಿಂತಿತು. ಸುಕೇಶ ನನ್ನ ಕಡೆ ತಿರುಗಿ, ಅನುಮಾನದಿಂದಲ್ಲ, ಕೆಲಸ ಬಲ್ಲವನನ್ನು ಕೇಳುವ ಹಾಗೆ, ನಿಜವಾದ ಡ್ಯೂಟಿಯಲ್ಲಿ ಹೀಗೆ ಆಗುತ್ತದಾ ಅಂಕಲ್ ಎಂದು ಕೇಳಿದ. ಬಾವಿಕಟ್ಟೆಯಲ್ಲಿ ಕೇಳಿದ ದಿನವೂ ಅವನ ಮುಖ ಹೀಗೆಯೇ ಇತ್ತು, ಪೂರ್ತಿ ನಂಬಿಕೆಯ ಮುಖ. ನನಗೆ ನನ್ನ ಮೇಲೆ ಎಂಥ ಹೇಸಿಗೆ ಹುಟ್ಟಿತೆಂದರೆ, ಪೇಪರು ಅಲ್ಲೇ ಬಿಟ್ಟು ಎದ್ದೆ. ಸ್ಕೂಟರಿನಲ್ಲಿ ನಿನ್ನನ್ನು ಎಲ್ಲೂರಿಗೆ ಬಿಡುತ್ತೇನೆ, ನಿನ್ನ ಅಮ್ಮನ ಹತ್ತಿರ ಮಾತಾಡಲಿಕ್ಕುಂಟು ಎಂದೆ. ಇನ್ನೂ ಎರಡೂವರೆ ಗಂಟೆ, ಈ ಬಿಸಿಲಿನಲ್ಲಿ ಎಲ್ಲಿಗೆ ಎಂದು ಜೆಸ್ಸಿ ಅಡುಗೆಮನೆಯಿಂದ ಕೇಳಿದಳು. ನಾನು ಸ್ಕೂಟರಿನ ಬೀಗದ ಕೈ ತೆಗೆದುಕೊಂಡೆ.

ಹೆದ್ದಾರಿಯಲ್ಲಿ ಎರಡು ಸಲ ಹಿಂದಿರುಗಬೇಕೆನಿಸಿತು. ಎಲ್ಲೂರಿನಲ್ಲಿ ಗುಣವತಿ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ನನ್ನನ್ನು ನೋಡಿ ತಟ್ಟೆ ಬದಿಗಿಟ್ಟು ಕುರ್ಚಿ ಎಳೆದಳು, ಬೆಲ್ಲ ನೀರು ತಂದಿಟ್ಟಳು. ಕುಡಿಯಲಿಲ್ಲ ನಾನು. ಕುಡಿದರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ನಿಂತೇ ಹೇಳಿದೆ. ಇಗರ್ಜಿ, ಎರಡು ಕೋಲು, ಓಣಿ, ಗೋಡೆ ಹತ್ತುತ್ತಿದ್ದವರು, ಬಳಸಿ ಬಂದ ದಾರಿ, ಮ್ಯಾನೇಜರಿಗೆ ಹೇಳಿದ ಒಂದು ಮಾತು. ಮುದ್ದಣ್ಣ ಮಲಗಿರಲಿಲ್ಲ, ನನ್ನ ಸುತ್ತು ಮುಗಿಸಿ ತನ್ನ ಸುತ್ತಿಗೆ ಹೊರಟಿದ್ದ ಎಂದೆ. ಒಂದನ್ನೂ ಬಿಡಲಿಲ್ಲ.

ಸುಕೇಶ ಬಾಗಿಲ ಹತ್ತಿರ ನಿಂತಿದ್ದ. ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು.

"ಇರಬಹುದು ಅಂತ ಹೇಳಿದಿರಾ ಅಂಕಲ್?" ಎಂದ. ನಾನು ತಲೆಯಾಡಿಸಿದೆ. ಅವನು ಮೆಟ್ಟಿಲಿಳಿದು ಗದ್ದೆಯ ಕಡೆ ಹೋದ, ಹಿಂದಿರುಗಿ ನೋಡಲಿಲ್ಲ.

ಗುಣವತಿ ಬೀಡಿಯ ತಟ್ಟೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದೆ. ಅವಳು ನನ್ನನ್ನು ಬೈಯಲಿಲ್ಲ.

"ಬೆಳಿಗ್ಗೆ ಅವರ ಫೋಟೋಕ್ಕೆ ಹೂ ಇಡುವಾಗ ದಿನಾ ಬೈದಿದ್ದೇನೆ ಪೊರ್ಬುಳೆ," ಎಂದಳು. "ಹೆಂಡತಿ ಮಗು ಉಂಟು ಅಂತ ಗೊತ್ತಿದ್ದೂ ಮಲಗಿದಿರಲ್ಲ, ನಾಚಿಕೆ ಆಗಲಿಲ್ಲವಾ ಅಂತ. ಹನ್ನೊಂದು ವರ್ಷ ಬೈದಿದ್ದೇನೆ. ನಿಮಗಾದರೆ ಹೇಳಿಕೊಳ್ಳಲಿಕ್ಕೆ ಪಾದ್ರಿಗಳಿದ್ದಾರೆ. ನಾನು ಯಾರ ಹತ್ತಿರ ಹೋಗಿ ತಪ್ಪಾಯಿತು ಅಂತ ಹೇಳಲಿ?"

ಮುದ್ದಣ್ಣನ ಜೀವ ತೆಗೆದದ್ದು ಕಳ್ಳರು ಎಂದಾದರೂ ಹೇಳಿಕೊಳ್ಳಬಹುದಿತ್ತು. ಅವಳ ಬಾಯಿಗೆ ಈ ಬೈಗುಳ ತಂದಿಟ್ಟವನು ನಾನೊಬ್ಬನೇ. ಇನ್ನು ನೀವು ಹೋಗಿ ಎಂದು ಅವಳು ಮೆಲ್ಲಗೆ ಹೇಳಿದಳು. ಮತ್ತೆ ಬರಬೇಡಿ ಎಂದು ಅವಳು ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ.

ಕಾಪುವಿಗೆ ಮರಳುವಾಗ ನಾಲ್ಕು ಗಂಟೆ ದಾಟಿತ್ತು. ಒಮ್ಮೆ ಹೇಳಿಬಿಟ್ಟರೆ ಮುಗಿಯಿತು ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಬ್ರಯಾನ್ ಗೇಟಿನ ಹತ್ತಿರವೇ ಫೋನು ಹಿಡಿದು ನಿಂತಿದ್ದ. ಸುಕೇಶ ಫೋನು ಎತ್ತುವುದಿಲ್ಲ, ನಿಮ್ಮ ಮನೆಗೆ ಇನ್ನು ಬರುವುದಿಲ್ಲ ಎಂದು ಮಾತ್ರ ಬರೆದು ಕಳಿಸಿದ್ದಾನೆ, ಅಲ್ಲಿ ಎಂತ ಆಯಿತು ಡ್ಯಾಡಿ ಎಂದ. ಜೆಸ್ಸಿಯೂ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದಳು. ನನ್ನನ್ನು ಒಳ್ಳೆಯವನೆಂದು ತಿಳಿದ ಇಬ್ಬರು ಇನ್ನೂ ಬಾಕಿ ಇದ್ದರು. ಒಳಗೆ ಬಂದು ಕುಳಿತುಕೊಳ್ಳಿ ಎಂದು ಅವರಿಗೆ ಹೇಳಿ, ಆ ಶುಕ್ರವಾರದಿಂದ ಮತ್ತೆ ಶುರು ಮಾಡಿದೆ.