ಅಳಿಸಬೇಡ ಇಂದಾಯ್, ಆ ಫೋಟೋ ಇರಲಿ

ಆ ಬೆಳಿಗ್ಗೆ ಟಿಯಾ ಪಾಸಿಂಗ್‌ಳ ಅಡುಗೆಮನೆಯಲ್ಲಿ ಎರಡು ಕೆಲಸ ಒಟ್ಟೊಟ್ಟಿಗೆ ನಡೆದಿದ್ದವು. ಒಲೆಯ ಮೇಲೆ ತೆಂಗಿನ ಎಳೆಗರಿಯಲ್ಲಿ ಸುತ್ತಿದ ಅಂಟಕ್ಕಿಯ ಇಬೋಸ್ ಬೇಯುತ್ತಿತ್ತು. ಒಲೆಯ ಪಕ್ಕದಲ್ಲಿ ಅವಳ ತಂಗಿಯ ಮಗಳು ಮಾರಿವಿಕ್ ಮೋರೆ ಇಳಿಬಿಟ್ಟುಕೊಂಡು, ಫೋನಿನಲ್ಲಿದ್ದ ತನ್ನ ಹುಡುಗನ ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತಿದ್ದಳು.

"ಅದನ್ನೂ ತೆಗಿ. ಅವನು ಹಂದಿಗೂಡಲ್ಲಿ ಬಿದ್ದಿದ್ದು," ಎಂದಳು ಟಿಯಾ.

"ಅದೊಂದು ಇರಲಿ ಟಿಯಾ. ನಿಮ್ಮ ಕೈಯಲ್ಲಿ ಸೌಟು ಎಷ್ಟು ಚೆನ್ನಾಗಿ ಬಂದಿದೆ!"

"ನನ್ನ ಸೌಟಿಗೆ ಚೆಂದ ಬೇರೆ ಕೇಡು! ತೆಗಿ ಅಂದ್ರೆ ತೆಗಿ."

ಮಾರಿವಿಕ್ ಶಾಲೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವಳು. ತಾಯಿಯಿಲ್ಲದ ಅವಳನ್ನು ಬೆಳೆಸಿದ್ದು ಈ ಟಿಯಾ, ಅಂದರೆ ದೊಡ್ಡಮ್ಮನೇ. ದೋಣಿಯ ಎಂಜಿನು ರಿಪೇರಿ ಕಲಿಸಲು ಬಂದ ಪೋರ್ಚುಗಲ್ಲಿನ ರುಯಿ ಅವಳಿಗೆ ಮನಸ್ಸು ಕೊಟ್ಟು ಎರಡು ವರ್ಷವಾಗಿತ್ತು. ಸಿಂಗಾಪುರದಲ್ಲಿರುವ ಅವನ ಅಕ್ಕನಿಗೆ ಹೆಣ್ಣು ಮಗು ಹುಟ್ಟಿತ್ತು. ಭಾನುವಾರ ದೀಕ್ಷಾಸ್ನಾನ. ಮಗುವನ್ನು ಎತ್ತಿ ಹಿಡಿಯುವ ಧರ್ಮತಾಯಿ, ನಿನಾಂಗ್, ಮಾರಿವಿಕ್ಕೇ ಆಗಬೇಕೆಂದು ಅಕ್ಕ ಹೇಳಿ ಕಳಿಸಿದ್ದಳು. ನಿನಾಂಗ್ ಆಗೆಂದು ಕರೆದರೆ ಇಲ್ಲವೆನ್ನುವ ಹೆಣ್ಣು ಫಿಲಿಪ್ಪೀನ್ಸಿನ ಈ ಆಂಟಿಕೆ ಪ್ರಾಂತದಲ್ಲಿ ಇನ್ನೂ ಹುಟ್ಟಿಲ್ಲ. ಶನಿವಾರ ಇಬ್ಬರೂ ಒಟ್ಟಿಗೆ ಹೊರಡುವುದೆಂದು ನಿಶ್ಚಯವಾಯಿತು.

ಅಲ್ಲಿಂದ ಶುರುವಾಯಿತು ನೋಡಿ ಕೇರಿಯ ಉಪದೇಶ. ವಿಮಾನದ ಮೆಟ್ಟಿಲು ಮುಟ್ಟದವರೂ ವಿಮಾನ ನಿಲ್ದಾಣದ ವಿಷಯ ಅರೆದು ಕುಡಿದವರೇ! "ಪರದೇಶದವನ ಜೊತೆ ಹೋಗೋ ಹುಡುಗಿಯನ್ನ ವಾಪಸ್ ಕಳಿಸಿಬಿಡ್ತಾರೆ. ಒಬ್ಬಳೇ ಹೊರಟಿದ್ದೀನಿ ಅಂತ ಹೇಳಲಿ," ಎಂದು ಮೀನು ಮಾರುವ ದೆಲ್ಯಾ ಹೇಳಿದ್ದಳು. "ಒಳಗೆ ನಮ್ಮವರೊಬ್ಬರಿದ್ದಾರೆ, ಸ್ವಲ್ಪ ಕೈ ಬೆಚ್ಚಗೆ ಮಾಡಿದರೆ ದಾಟಿಸ್ತಾರೆ," ಎಂದು ಸಂತೆಯಲ್ಲಿ ಯಾರೋ ಒಬ್ಬ ಕಿವಿಯಲ್ಲಿ ಊದಿದ್ದ.

ಟಿಯಾಗೆ ಇವೆಲ್ಲಕ್ಕಿಂತ ನಾಚಿಕೆಯೇ ದೊಡ್ಡದು. ಮದುವೆಯಾಗದ ಹುಡುಗಿ ಗಂಡಸಿನ ಜೊತೆ ನಿಂತರೆ, ಹೊರದೇಶಕ್ಕೆ ಹೋಗುವವರನ್ನು ತಪಾಸಣೆ ಮಾಡುವ ಅಧಿಕಾರಿ ಏನೆಂದುಕೊಂಡಾನು? ಅದಕ್ಕೇ ಅವಳು ಉಪಾಯ ಹೂಡಿದ್ದಳು. ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲಬೇಕು, ಪರಿಚಯವೇ ಇಲ್ಲದವರಂತೆ. ಫೋನಿನಲ್ಲಿ ಅವನ ಫೋಟೋ ಒಂದೂ ಉಳಿಯಬಾರದು.

ಅಷ್ಟರಲ್ಲಿ ಬಾಗಿಲಲ್ಲಿ "ಆಯೋ!" ಎಂದು ಮನೆಯವರನ್ನು ಕರೆಯುವ ಕೂಗು ಕೇಳಿತು. ಬಂದವಳು ಪಕ್ಕದ ಮನೆಯ ಲುದಿ ಅಕ್ಕ, ಎಲ್ಲರ ಬಾಯಲ್ಲಿ ನಾಂಗ್ ಲುದಿ. ಅವಳ ಮಗಳು ಜಪಾನಿನವನನ್ನು ಮದುವೆಯಾಗಿ ಹೋಗುವಾಗ ಅವಳೇ ಜೊತೆಗೆ ಓಡಾಡಿ ಎಲ್ಲ ಕಲಿತಿದ್ದಳು. ಈಗ ಬಾರಂಗಾಯ್ ಎಂಬ ಊರ ಪಂಚಾಯಿತಿಯ ಕಚೇರಿಯಲ್ಲಿ, 'ಇಂದಾಯ್', ಅಂದರೆ ಮಗಳೇ, ಎಂದು ಕರೆಯುತ್ತ ಹೆಣ್ಣುಮಕ್ಕಳಿಗೆ ದಾರಿ ಹೇಳುತ್ತಾಳೆ.

"ಇಬೋಸ್ ವಾಸನೆ ಎಳಕೊಂಡು ಬಂತು ಟಿಯಾ. ಏನು ಇಂದಾಯ್, ನಿನಾಂಗ್ ಆಗೋಳು ಹೀಗೆ ಸಪ್ಪಗೆ ಕೂತಿದ್ದೀಯ?"

ಮಾರಿವಿಕ್ ಎಲ್ಲವನ್ನೂ ಹೇಳಿದಳು. ಲುದಿ ಇಬೋಸ್ ಬಿಚ್ಚುತ್ತಿದ್ದ ಕೈ ನಿಲ್ಲಿಸಿದಳು.

"ಅಳಿಸಬೇಡ ಇಂದಾಯ್! ಟಿಯಾ, ನೀವು ಬೇಲಿ ಕಿತ್ತು ಕಳ್ಳನಿಗೆ ದಾರಿ ಮಾಡ್ತಿದ್ದೀರಲ್ಲ. ಅಧಿಕಾರಿ ಇವಳನ್ನೂ ಕೇಳ್ತಾರೆ, ಅವನನ್ನೂ ಕೇಳಬಹುದು. ಇವಳು 'ಒಬ್ಬಳೇ' ಅಂತಾಳೆ, ಆ ಪಾಪದ ಪ್ರಾಣಿ 'ನನ್ನ ಹುಡುಗಿ ಎಲ್ಲಿ' ಅಂತಾನೆ. ಆಗ?"

"ನಿಜ ಹೇಳಿದ್ರೆ ಮಾತ್ರ ಆರತಿ ಎತ್ತಿ ಕಳಿಸ್ತಾರಾ?" ಟಿಯಾ ಸೊಂಟದ ಮೇಲೆ ಕೈಯಿಟ್ಟಳು. "ನಮ್ಮ ಹುಡುಗಿ, ನಮ್ಮ ಟಿಕೆಟ್ಟು. ಎಲ್ಲಿಗೆ, ಯಾರ ಜೊತೆ, ಯಾಕೆ ಅಂತ ಕೇಳೋಕೆ ಅವರ್‍ಯಾರು?"

"ಮದುವೆ ಮಾಡ್ಕೋತೀನಿ, ಕೆಲಸ ಕೊಡಿಸ್ತೀನಿ ಅಂತ ಕರಕೊಂಡು ಹೋಗಿ, ಪಾಸ್‌ಪೋರ್ಟ್ ಕಿತ್ತುಕೊಂಡು ಮಾರಿಬಿಟ್ಟವರಿದ್ದಾರೆ ಟಿಯಾ. ಅದಕ್ಕೇ ಕೇಳ್ತಾರೆ. ಸರಿ, ನಾನೊಂದು ಕೇಳ್ತೀನಿ. ರುಯಿ ಮೊದಲ ಸಲ ಈ ಮನೆಗೆ ಬಂದಾಗ ನೀವು ಕುರ್ಚಿ ಕೊಟ್ರಾ?"

ಮಾರಿವಿಕ್ ಕಿಸಕ್ಕನೆ ನಕ್ಕಳು.

ಕುರ್ಚಿ ಎಲ್ಲಿಯದು! ಟಿಯಾ ಅವನನ್ನು ಪಂಗಾಗಾದ್‌ಗೆ ಹಚ್ಚಿದ್ದಳು. ಹುಡುಗಿಯ ಮನೆಗೆ ನೀರು ಹೊತ್ತು, ಸೌದೆ ಒಡೆದು ಹುಡುಗ ತನ್ನ ಯೋಗ್ಯತೆ ತೋರಿಸುವ ಹಳೆಯ ಪದ್ಧತಿ ಅದು. ಈಗಿನವರು ಬಿಟ್ಟಿದ್ದಾರೆ, ಟಿಯಾ ಬಿಟ್ಟಿಲ್ಲ. ಆ ಆರಡಿ ಆಳು ಎರಡು ಕೊಡ ಹೊತ್ತು ಬರುವಾಗಲೇ ಜಾರಿ ಹಂದಿಗೂಡಿಗೆ ಬಿದ್ದದ್ದು.

"ಒಂದು ತಿಂಗಳು ನೀರು ಹೊರಿಸಿದ್ರಿ. ಅಪ್ಪ ಯಾರು, ಅಮ್ಮ ಯಾರು, ಮೊದಲೇ ಹೆಂಡತಿ ಇದ್ದಾಳಾ ಅಂತ ಚರ್ಮ ಸುಲಿಯೋ ಹಾಗೆ ಕೇಳಿದ್ರಿ. ಹುಡುಗಿ ನಿಮ್ಮ ಹೊಸ್ತಿಲು ದಾಟೋಕೇ ಇಷ್ಟು ಪರೀಕ್ಷೆ. ದೇಶದ ಹೊಸ್ತಿಲು ದಾಟೋವಾಗ ನಾಲ್ಕು ಮಾತು ಕೇಳಿದ್ರೆ ಕೋಪವಾ?"

ಟಿಯಾ ಒಲೆಯ ಉರಿ ಸರಿಮಾಡಿದಳು. ಸರಿಮಾಡುವಂಥದ್ದು ಅಲ್ಲೇನೂ ಇರಲಿಲ್ಲ.

"ಮತ್ತೆ ಏನು ತಗೊಂಡು ಹೋಗಬೇಕು?" ಎಂದಳು ಮೆಲ್ಲಗೆ.

"ಹೋಗಿ ಬರೋ ಎರಡೂ ಟಿಕೆಟ್ಟು. ಉಳಿಯೋ ಮನೆಯ ವಿಳಾಸ, ಅಕ್ಕ ಕರೆದ ಪತ್ರ. ಕ್ಯಾಂಟೀನಿಂದ ರಜೆ ಪತ್ರ ತಗೊಂಡಿದ್ದೀಯಾ ಇಂದಾಯ್? ಅದಿದ್ರೆ ವಾಪಸ್ ಬರ್ತೀಯ ಅಂತ ಗೊತ್ತಾಗುತ್ತೆ. ಫೋನಲ್ಲಿ ಸರ್ಕಾರದ ಪ್ರಯಾಣ ನೋಂದಣಿ ಮಾಡು. ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳಿದವನು ಮೋಸಗಾರ. ಮತ್ತೆ ಪಾಸ್‌ಪೋರ್ಟ್ ನಿನ್ನ ಕೈಲೇ ಇರಲಿ. ರುಯಿ ಎಷ್ಟೇ ಒಳ್ಳೆಯವನಾಗಲಿ, ಅವನ ಚೀಲದಲ್ಲಿ ಬೇಡ."

"ನಿಮ್ಮ ಮಗಳು ಯಾವುದೋ ಸರ್ಟಿಫಿಕೇಟು ತಗೊಂಡಿದ್ಲಲ್ಲ ನಾಂಗ್?"

"ಅವಳು ಮದುವೆಯಾಗಿ ಅಲ್ಲೇ ಇರೋಕೆ ಹೋದವಳು. ಹಾಗೆ ಹೋಗೋರು ಹೊರದೇಶದ ಫಿಲಿಪಿನೋಗಳ ಆಯೋಗದಲ್ಲಿ ಕೂತು ಸಲಹೆ ಕೇಳಿ, ಆ ಸರ್ಟಿಫಿಕೇಟು ತರಬೇಕು. ಕೆಲಸಕ್ಕೆ ಹೋಗೋರ ದಾರಿಯೇ ಬೇರೆ. ನೀನು ನೋಡಿ ಬರೋಕೆ ಹೋಗ್ತಿದ್ದೀಯ, ಹಾಗೇ ಹೇಳು. ನಾಳೆ ಮದುವೆ ಗೊತ್ತಾದಾಗ ನನ್ನ ಹತ್ರ ಬಾ."

ಆಗ ಹಿತ್ತಲಿಂದ ಎರಡು ಕೊಡ ನೀರು ಹೊತ್ತು ರುಯಿ ಒಳಗೆ ಬಂದ. ಪರೀಕ್ಷೆ ಮುಗಿದು ವರ್ಷವಾಗಿದ್ದರೂ ಆ ಅಭ್ಯಾಸ ಅವನನ್ನು ಬಿಟ್ಟಿರಲಿಲ್ಲ. "ಟಿಯಾ, ನಾನು ಬೇರೆ ಸಾಲು ಯಾಕೆ? ನಾನು ಏನು ತಪ್ಪು ಮಾಡಿದೆ?" ಎಂದ ತನ್ನ ಮುರುಕು ಭಾಷೆಯಲ್ಲಿ.

"ಏನೂ ಇಲ್ಲ ಕಣೋ. ಒಂದೇ ಸಾಲಲ್ಲಿ ನಿಂತು ಸಾಯಿ!" ಎಂದು ಟಿಯಾ ಅವನ ಕೈಗೊಂದು ಬಿಸಿ ಇಬೋಸ್ ತುರುಕಿದಳು. ಮಾರಿವಿಕ್ ಫೋನಿನ ಕಸದಬುಟ್ಟಿಯಿಂದ ಫೋಟೋಗಳನ್ನೆಲ್ಲ ಹೆಕ್ಕಿ ತೆಗೆದಳು. ಹಂದಿಗೂಡಿನದೇ ಮೊದಲು ಬಂತು.

ಶನಿವಾರ ಒಂದು ಜೀಪ್ನಿ ತುಂಬ ಜನ ಇಲೊಯಿಲೊ ವಿಮಾನ ನಿಲ್ದಾಣಕ್ಕೆ ಕಳಿಸಿಕೊಡಲು ಹೊರಟರು. ದೆಲ್ಯಾಳೂ ಇದ್ದಳು, ಒಣಮೀನಿನ ಪೊಟ್ಟಣದ ಸಮೇತ. ಇಬ್ಬರೂ ಒಳಗೆ ಹೋದ ಮೇಲೆ ಟಿಯಾ ಗಾಜಿಗೆ ಮೂಗು ಒತ್ತಿ ನಿಂತಳು. ಒಳಗಿನದೇನೂ ಕಾಣದು. ಜಪಮಾಲೆಯ ಮಣಿಗಳು ಬೆರಳಲ್ಲಿ ಸುತ್ತಿದವು. ವಾಪಸ್ ಕಳಿಸಿದರೆ? ಧರ್ಮತಾಯಿಯಿಲ್ಲದೆ ಆ ಮಗು?

ಫೋನು ಕೂಗಿತು.

"ಟಿಯಾ! ದಾಟಿದ್ವಿ!"

"ಏನು ಕೇಳಿದ್ರೇ?"

"ಇವರು ಯಾರು ಅಂದ್ರು. ನನ್ನ ಹುಡುಗ ಅಂದೆ. ನಾಚಿಕೆ ಆಯ್ತು, ಆದ್ರೂ ಅಂದೆ. ಎಲ್ಲಿ ಪರಿಚಯ, ಎಷ್ಟು ದಿನ, ಯಾವಾಗ ವಾಪಸ್ ಅಂತೆಲ್ಲ ಕೇಳಿದ್ರು. ಕಾಗದ ನೋಡಿದ್ರು. ಮನೆಯವರಿಗೆ ಇವರು ಗೊತ್ತಾ ಅಂದ್ರು. ಹಂದಿಗೂಡಿನ ಫೋಟೋ ತೋರಿಸಿದೆ."

"ಅಯ್ಯೋ ದೇವರೇ! ಅದನ್ನೇ ತೋರಿಸಿದ್ಯಾ?"

"ಆ ಮೇಡಂ ನಕ್ಕೂ ನಕ್ಕೂ ಮುದ್ರೆ ಒತ್ತಿದ್ರು. ಸೌಟು ಹಿಡಿದಿರೋರು ಯಾರು ಅಂತ ಕೇಳಿದ್ರು. ನಮ್ಮ ಟಿಯಾ ಅಂದೆ. 'ಇವರು ದಾಟಿಸಿದ ಮೇಲೆ ನಮ್ಮದೇನಿದೆ' ಅಂದ್ರು!"

ಟಿಯಾ ಪಾಸಿಂಗ್ ಗಾಜಿನಿಂದ ಮೂಗು ತೆಗೆದು, ಜೀಪ್ನಿಯ ಕಡೆ ತಿರುಗಿ, ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದಳು: "ಇಬೋಸ್ ಬಿಚ್ಚ್ರೇ!"

ತಂಗಿಯರೇ, ನೀವೂ ಪರದೇಶದ ಗೆಳೆಯನ ಜೊತೆ ಹೊರಟಿದ್ದೀರಾ? ಸಂತೋಷವಾಗಿ ಹೋಗಿ ಬನ್ನಿ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಿಯಮಗಳು ಆಗಾಗ ಬದಲಾಗುತ್ತವೆ, ಅದಕ್ಕೇ ಹೊರಡುವ ಮೊದಲು ಸರ್ಕಾರದ ಕಚೇರಿಯಲ್ಲೇ ವಿಚಾರಿಸಿ, ಸಂತೆಯಲ್ಲಲ್ಲ. ಜೊತೆಯಲ್ಲಿ ಬರುವವನೇ "ಸುಳ್ಳು ಹೇಳು, ಪಾಸ್‌ಪೋರ್ಟ್ ನನ್ನ ಕೈಗೆ ಕೊಡು" ಎಂದರೆ, ಅವನ ಜೊತೆ ಹೊಸ್ತಿಲು ದಾಟಬೇಡಿ. ಅಂಥವನನ್ನು ಮೊದಲು ನಿಮ್ಮ ಟಿಯಾಳ ಸೌಟಿನ ಮುಂದೆ ನಿಲ್ಲಿಸಿ.